ಸರ್ಕಾರದ ಕಣ್ಣು, ನಮ್ಮ ಪಹಣಿ

ಅಪ್ಪ ತೀರಿಕೊಂಡು ಎರಡು ವರ್ಷ ಆದ ಮೇಲೆ ನಾವು ಪೌತಿ ಖಾತೆಗೆ ಅರ್ಜಿ ಹಾಕಿದೆವು. ತಡವಾಯಿತು, ಅದು ನಮ್ಮದೇ ತಪ್ಪು. ಆದರೆ ಅರ್ಜಿ ಕೊಟ್ಟ ದಿನ ಗೊತ್ತಾಗಿದ್ದೇನೆಂದರೆ, ಸರ್ಕಾರದ ಪ್ರಕಾರ ಸತ್ತಿರೋದು ಜಮೀನಿನ ಯಜಮಾನರಲ್ಲ! ಮರಣ ಪ್ರಮಾಣ ಪತ್ರದಲ್ಲಿ ಅಪ್ಪನ ಹೆಸರು 'ಪ್ಪ' ಅಂತ ಮುಗಿಯುತ್ತೆ. ಪಹಣಿಯಲ್ಲಿ 'ಯ್ಯ' ಅಂತ ಮುಗಿಯುತ್ತೆ. ಹಾಗಾಗಿ ಸತ್ತವರು 'ಪ್ಪ', ಜಮೀನಿರೋದು 'ಯ್ಯ'ನವರ ಹೆಸರಲ್ಲಿ. 'ಯ್ಯ'ನವರು ಇನ್ನೂ ಬದುಕಿದ್ದಾರೆ. ಎಲ್ಲಿದ್ದಾರೆ ಅಂತ ಗೊತ್ತಿಲ್ಲ ಅಷ್ಟೇ.

ಹಳೇ ಕೈಬರಹದ ಪಹಣಿಯಲ್ಲಿ ಹೆಸರು ಸರಿಯಾಗೇ ಇತ್ತು. ಅದನ್ನು ಕಂಪ್ಯೂಟರಿಗೆ ಏರಿಸುವಾಗ ಯಾರೋ ಪುಣ್ಯಾತ್ಮ ಟೈಪ್ ಮಾಡಿದ್ದು ಹೀಗೆ. ಪಾಪ, ಅವನನ್ನೂ ಬೈಯೋಕಾಗಲ್ಲ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು 'ಭೂಮಿ' ಯೋಜನೆಯಲ್ಲಿ ಹೀಗೆ ಏರಿಸಿದ್ದು ಅಂದರೆ ಎಷ್ಟು ಬೆರಳು ಎಷ್ಟು ಸಲ ಜಾರಿರಬೇಡ.

ನಮ್ಮ ವಿಎ (ಆಗ ಗ್ರಾಮ ಲೆಕ್ಕಿಗ ಅಂತಿದ್ದರು, ಈಗ ಗ್ರಾಮ ಆಡಳಿತಾಧಿಕಾರಿ ಅಂತಾರೆ, ಊರವರ ಬಾಯಲ್ಲಿ ಈಗಲೂ ವಿಎ) ಒಳ್ಳೆಯ ಮನುಷ್ಯ. ಅಮ್ಮನಿಗೆ ಅವರು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಅಮ್ಮಾ, ನಂಗೆ ಗೊತ್ತಿಲ್ವಾ? ಯಜಮಾನ್ರ ತಿಥೀಗೆ ನಾನೇ ಬಂದು ಉಂಡ್ಕೊಂಡು ಹೋಗಿದೀನಿ. ಆದ್ರೆ ರೆಕಾರ್ಡಲ್ಲಿ ಬೇರೆ ಇದ್ಯಲ್ಲಮ್ಮ, ನಾನೇನ್ ಮಾಡ್ಲಿ?"

ಅವರೇನು ಸುಳ್ಳು ಹೇಳುತ್ತಿರಲಿಲ್ಲ. ದುಡ್ಡಿಗೆ ಗಾಳ ಹಾಕುತ್ತಲೂ ಇರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿತ್ತು. ಆದರೆ ಆ ಕುರ್ಚಿಯಲ್ಲಿ ಕೂತಾಗ ತನಗೆ ಗೊತ್ತಿರೋದನ್ನು ಗೊತ್ತು ಅನ್ನುವ ಅಧಿಕಾರ ಅವರಿಗಿರಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಓಡಾಟ. ವಂಶವೃಕ್ಷ, ಜೆರಾಕ್ಸು, ನೋಟರಿ, ಇಬ್ಬರೂ ಒಬ್ಬರೇ ಅಂತ ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ಟು. ನಲವತ್ತು ವರ್ಷ ಸಂಸಾರ ಮಾಡಿದ ಅಮ್ಮ, ತನ್ನ ಗಂಡ ಒಬ್ಬನೇ ಅಂತ ನೋಟರಿ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದಳು. ಬರುವಾಗ ಬಸ್ಸಿನಲ್ಲಿ ನಕ್ಕಳು. ಮನೆಗೆ ಬಂದ ಮೇಲೆ ಅತ್ತಳು.

ಈ ಓಡಾಟದ ದಿನಗಳಲ್ಲಿ ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಒಂದೇ. ಈ 'ಸರ್ಕಾರ' ಅಂತೀವಲ್ಲ, ಅದರ ಶಕ್ತಿ ನಿಜವಾಗಿ ಇರೋದು ಎಲ್ಲಿ?

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿದವರಿಗೆ ಮ್ಯಾಕ್ಸ್ ವೆಬರ್ ನೆನಪಿರಬಹುದು. 1919ರಲ್ಲಿ ಮ್ಯೂನಿಕ್ಕಿನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಆತ ಪ್ರಭುತ್ವಕ್ಕೆ ಒಂದು ವ್ಯಾಖ್ಯೆ ಕೊಟ್ಟ. ಒಂದು ನಿರ್ದಿಷ್ಟ ನೆಲದ ಮೇಲೆ ನ್ಯಾಯಬದ್ಧವಾಗಿ ಬಲ ಪ್ರಯೋಗಿಸುವ ಹಕ್ಕು ತನಗೊಬ್ಬನಿಗೇ ಇದೆ ಅಂತ ಯಾವುದು ಸಾಧಿಸಿಕೊಳ್ಳುತ್ತೋ ಅದು ಪ್ರಭುತ್ವ. ಅಂದರೆ ಲಾಠಿ, ಬಂದೂಕು, ಜೈಲು. ನಾವೆಲ್ಲ ಪ್ರಭುತ್ವ ಅಂದಾಗ ಯೋಚಿಸೋದೂ ಇದನ್ನೇ ತಾನೆ? ಪೇಪರಿನಲ್ಲಿ ಚರ್ಚೆ ಆಗೋದೂ ಗೋಲಿಬಾರು, ಸೆನ್ಸಾರು, ಬಂಧನದ ಬಗ್ಗೆಯೇ. ಅವು ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮಮ್ಮನ ಎಪ್ಪತ್ತು ವರ್ಷದ ಬದುಕಿನಲ್ಲಿ ಯಾವ ಪೊಲೀಸಿನವನೂ ಆಕೆಯ ಮೇಲೆ ಲಾಠಿ ಎತ್ತಿಲ್ಲ. ಆಕೆಯನ್ನು ಅಳಿಸಿದ್ದು ಒಂದು ಒತ್ತಕ್ಷರ.

ನನಗನ್ನಿಸೋದು, ಪ್ರಭುತ್ವದ ದೊಡ್ಡ ಬಲ ಲಾಠಿಯಲ್ಲಿಲ್ಲ, ರಿಜಿಸ್ಟರಿನಲ್ಲಿದೆ. ಯಾವುದು ಇದೆ, ಯಾವುದು ಇಲ್ಲ ಅಂತ ಬರೆದಿಡುವ ಅಧಿಕಾರದಲ್ಲಿದೆ. ಪೊಲೀಸರು ಬರೋದು ಆಮೇಲೆ, ಬರೆದಿಟ್ಟಿದ್ದನ್ನು ಕಾಯೋಕೆ.

ಇದು ಇಂಗ್ಲಿಷರು ತಂದ ರೋಗ ಅಂತ ಹೇಳೋರಿದ್ದಾರೆ. ಅಷ್ಟು ಸುಲಭ ಇಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯವಿದ್ಯಾ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿತಲ್ಲ, ಅದರಲ್ಲಿ 'ಗೋಪ' ಅಂತ ಒಬ್ಬ ಅಧಿಕಾರಿ ಬರ್ತಾನೆ. ಐದೋ ಹತ್ತೋ ಹಳ್ಳಿಗೆ ಒಬ್ಬ ಗೋಪ. ಊರಿನ ಎಲ್ಲೆ, ಹೊಲಗದ್ದೆ, ಮನೆಗಳು, ಕಂದಾಯ ಕೊಡೋರೆಷ್ಟು ಕೊಡದವರೆಷ್ಟು, ರೈತರು, ದನಗಾಹಿಗಳು, ವ್ಯಾಪಾರಿಗಳು, ಕುಶಲಕರ್ಮಿಗಳು, ಕೂಲಿಗಳು, ಎರಡು ಕಾಲಿನ ನಾಲ್ಕು ಕಾಲಿನ ಪ್ರಾಣಿಗಳೆಷ್ಟು.. ಎಲ್ಲ ಲೆಕ್ಕ ಇಡೋದು ಅವನ ಕೆಲಸ. ನಮ್ಮ ವಿಎ ಸಾಹೇಬರ ಮುತ್ತಜ್ಜ! ಇನ್ನೂ ತಮಾಷೆ ಅಂದರೆ, ಗೋಪ ಬರೆದಿದ್ದು ನಿಜವೋ ಸುಳ್ಳೋ ಅಂತ ತಿಳಿಯೋಕೆ ಗೃಹಸ್ಥರ ವೇಷದ ಗೂಢಚಾರರನ್ನು ಊರಿಗೆ ಕಳಿಸಬೇಕು ಅಂತ ಅದರಲ್ಲೇ ಇದೆ. ಆ ಕಾಲದ ಪ್ರಭುತ್ವಕ್ಕೂ ತನ್ನ ರಿಜಿಸ್ಟರಿನ ಮೇಲೆ ಅನುಮಾನ ಇತ್ತು ಅಂತಾಯ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಇಂಗ್ಲಿಷರು ಬಂದ ಮೇಲೆ ಆದದ್ದು ಅಳತೆಯ ಬಿಗಿ. ಮೈಸೂರು ಸೀಮೆಯಲ್ಲಿ 1863ರಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದಾಗ, ಬೊಂಬಾಯಿ ಪದ್ಧತಿಯ ಕಂದಾಯ ಸರ್ವೆ ಶುರುವಾಯಿತು. 33 ಅಡಿ ಉದ್ದದ ಸರಪಳಿ, ಅದಕ್ಕೆ 16 ಆಣೆ. 33 ಅಡಿ ಚದರದ ನೆಲ ಒಂದು ಗುಂಟೆ, ಅಂತಾ 40 ಗುಂಟೆ ಒಂದು ಎಕರೆ. ನಾವು ಇವತ್ತಿಗೂ ಸೈಟು, ತೋಟ ಅಳೆಯೋದು ಈ ಸರಪಳಿಯ ಲೆಕ್ಕದಲ್ಲೇ. ಅದಕ್ಕೂ ಮುಂಚೆ ಊರವರು ಹೊಲಕ್ಕೆ ಹೆಸರಿಟ್ಟು ಕರೀತಿದ್ದರು. ಹುಣಸೆಮರದ ಹೊಲ, ಕೆರೆ ಹಿಂದಿನ ಗದ್ದೆ, ದೆವ್ವದ ಮಾಳ. ಈಗಲೂ ಮನೆಯೊಳಗೆ ಹಾಗೇ ಕರೀತೀವಿ. ತಾಲೂಕು ಕಚೇರಿಯಲ್ಲಿ ಅದು ಸರ್ವೆ ನಂಬರ್ ಇಂತಿಷ್ಟು, ಹಿಸ್ಸಾ ಇಂತಿಷ್ಟು.

ಆ ಸರ್ವೆಯ ಒಂದು ಪದ ನನಗೆ ತುಂಬಾ ಇಷ್ಟ. ಖರಾಬು. ಅಂದರೆ ಕೆಟ್ಟದ್ದು. ಸಾಗುವಳಿಗೆ ಬಾರದ ಬಂಡೆ ಗಿಂಡೆ 'ಎ' ಖರಾಬು. ದಾರಿ, ಹಳ್ಳ, ಸ್ಮಶಾನ ಇತ್ಯಾದಿ 'ಬಿ' ಖರಾಬು. ಊರಿನ ಜನಕ್ಕೆ ಜೀವಾಳವಾದ ಹಳ್ಳ, ಹಿರಿಯರು ಮಲಗಿರೋ ಜಾಗ, ದನ ಓಡಾಡೋ ದಾರಿ ಎಲ್ಲ 'ಖರಾಬು' ಯಾಕಾಯ್ತು ಅಂದರೆ ಅದರಿಂದ ಕಂದಾಯ ಬರಲ್ಲ. ಪ್ರಭುತ್ವ ಊರನ್ನು ನೋಡುವ ಕಣ್ಣು ಎಂಥದ್ದು ಅಂತ ಈ ಒಂದು ಪದ ಸಾಕು. ಜೇಮ್ಸ್ ಸ್ಕಾಟ್ ಅನ್ನೋ ಅಮೆರಿಕನ್ ವಿದ್ವಾಂಸ (2024ರಲ್ಲಿ ತೀರಿಕೊಂಡರು) 1998ರಲ್ಲಿ ಇದರ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದರು. ತನಗೆ ಓದೋಕೆ ಅನುಕೂಲ ಆಗುವಂತೆ ಪ್ರಭುತ್ವ ಸಮಾಜವನ್ನೇ ತಿದ್ದಿ ಬರೀತದೆ ಅನ್ನೋದು ಅವರ ವಾದ. ಫಿಲಿಪೈನ್ಸಿನಲ್ಲಿ 1849ರಲ್ಲಿ ಸ್ಪೇನಿನ ಗವರ್ನರ್ ಜನರಿಗೆಲ್ಲ ಒಂದು ಪಟ್ಟಿಯಿಂದ ಅಡ್ಡಹೆಸರು ಹಂಚಿದ. ಲೆಕ್ಕ ಇಡೋಕೆ ಸುಲಭವಾಗಲಿ ಅಂತ. ನಗಬೇಡಿ, ಪಾಸ್‌ಪೋರ್ಟ್ ಫಾರ್ಮಿನಲ್ಲಿ 'ಸರ್‌ನೇಮ್' ಅನ್ನೋ ಖಾನೆ ಎದುರು ಕೂತು ಊರ ಹೆಸರು ಹಾಕಲೋ ಅಪ್ಪನ ಹೆಸರು ಹಾಕಲೋ ಅಂತ ಒದ್ದಾಡಿದ ಹಳೇ ಮೈಸೂರಿನವರು ಎಷ್ಟು ಜನ ಇಲ್ಲ ನಮ್ಮಲ್ಲಿ :-)

ಇಷ್ಟು ಓದಿ ನಾನು ಪ್ರಭುತ್ವವೇ ಬೇಡ ಅನ್ನೋ ಪಾರ್ಟಿ ಅಂದುಕೊಂಡರೆ ತಪ್ಪು. ಯಾಕೆಂದರೆ ಇದೇ ಕಾಗದದ ಬಲ ಇನ್ನೊಂದು ಕಡೆ ಏನು ಮಾಡಿತು ಅನ್ನೋದನ್ನೂ ನೋಡಬೇಕು.

1974ರ ಮಾರ್ಚ್ 1. ಈ ತಾರೀಖು ನಮ್ಮ ಶಾಲೆ ಪುಸ್ತಕಗಳಲ್ಲಿ ಯಾಕೆ ದಪ್ಪಕ್ಷರದಲ್ಲಿಲ್ಲವೋ ನನಗೆ ಗೊತ್ತಿಲ್ಲ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾಯ್ದೆಯ ಪ್ರಕಾರ, ಅವತ್ತಿಗೆ ಕರ್ನಾಟಕದಲ್ಲಿ ಗೇಣಿಗೆ ಕೊಟ್ಟಿದ್ದ ಜಮೀನೆಲ್ಲ (ಸೈನಿಕರಂಥ ಕೆಲವರಿಗೆ ವಿನಾಯಿತಿ ಇತ್ತು) ಸರ್ಕಾರದ ಸ್ವತ್ತಾಯಿತು. ಒಂದು ರಾತ್ರಿ ಕಳೆಯೋದರೊಳಗೆ! ಒಂದು ಗುಂಡು ಹಾರಲಿಲ್ಲ, ಒಬ್ಬ ಸೈನಿಕ ಬರಲಿಲ್ಲ. ತಲತಲಾಂತರದ ಒಡೆತನ ಒಂದು ವಾಕ್ಯದಿಂದ ಹೋಯ್ತು. ಇದಕ್ಕಿಂತ ದೊಡ್ಡ ಬಲಪ್ರದರ್ಶನ ನಮ್ಮ ರಾಜ್ಯದಲ್ಲಿ ಯಾವ ರಾಜನೂ ಮಾಡಿರಲಾರ ಅಂತ ನನ್ನ ಅಭಿಪ್ರಾಯ.

ಅದಕ್ಕೆ ಇಪ್ಪತ್ತಮೂರು ವರ್ಷ ಮುಂಚೆ, 1951ರಲ್ಲಿ, ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು ಗೊತ್ತಲ್ಲ? ಅದಕ್ಕೆ ಒಂದು ಮುಖ್ಯ ಕಾರಣ ಕೊಳಗ. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನೋ ಜಗಳ. ಒಡೆಯರ ಕೊಳಗ ದೊಡ್ಡದು. ಅಳತೆ ಯಾರ ಕೈಯಲ್ಲಿದೆಯೋ ಅನ್ನ ಅವರ ಕೈಯಲ್ಲಿ. ಗೇಣಿದಾರ ಒಬ್ಬನೇ ಆ ಕೊಳಗದ ಜೊತೆ ಜಗಳ ಆಡಿ ಗೆಲ್ಲೋಕೆ ಆಗ್ತಿರಲಿಲ್ಲ. ಅದಕ್ಕಿಂತ ದೊಡ್ಡದೊಂದು ಶಕ್ತಿ ನಡುವೆ ಬರಬೇಕಿತ್ತು. 1974ರಲ್ಲಿ ಬಂತು. ಹಾಗಾಗಿ ಸರ್ಕಾರ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು ಅನ್ನೋರ ಜೊತೆ ನಾನು ಹೋಗಲಾರೆ. ಸರ್ಕಾರ ಇಲ್ಲದ ಜಾಗದಲ್ಲಿ ಸ್ವಾತಂತ್ರ್ಯ ಇರಲ್ಲ, ಬೇರೆ ಯಾರದ್ದೋ ಕೊಳಗ ಇರುತ್ತೆ.

ಆದರೆ.. ಈ 'ಆದರೆ' ಇದೆಯಲ್ಲ.

ಜಮೀನು ಸರ್ಕಾರಕ್ಕೆ ತಾನಾಗೇ ಬಂತು. ಗೇಣಿದಾರನಿಗೆ ತಾನಾಗೇ ಹೋಗಲಿಲ್ಲ. ಅವನು ಏಳನೇ ನಂಬರ್ ಅರ್ಜಿ ಕೊಡಬೇಕಿತ್ತು. ನ್ಯಾಯಮಂಡಳಿ ಮುಂದೆ ತಾನೇ ಉಳುತ್ತಿದ್ದೆ ಅಂತ ತೋರಿಸಬೇಕಿತ್ತು. ಓದು ಬಾರದವನಿಗೆ ತೊಂದರೆ ಆಗದಿರಲಿ ಅಂತ ಅಲ್ಲಿ ವಕೀಲರಿಗೇ ಪ್ರವೇಶ ಇಲ್ಲ ಅಂತ ಕಾಯ್ದೆಯಲ್ಲಿ ಹಾಕಿದ್ದರು (ಆ ಕಲಮನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತೆಗೆದುಹಾಕಿತು). ಅರ್ಜಿ ಕೊಡೋಕೆ ಗಡುವು ಮುಂದೆ ಹಾಕುತ್ತಾ ಹಾಕುತ್ತಾ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಲಕ್ಷಾಂತರ ಜನ ಕೊಟ್ಟರು, ಲಕ್ಷಾಂತರ ಜನಕ್ಕೆ ಸಿಕ್ಕಿತು. ಕೊಡದವರೂ ಇದ್ದರು. ಒಡೆಯರ ಮುಖ ನೋಡಿ ಸುಮ್ಮನಾದವರು, ಹೆದರಿದವರು, ಸುದ್ದಿಯೇ ಮುಟ್ಟದವರು. ಅವರೂ ಉಳುತ್ತಿದ್ದರು, ಅದೇ ನೇಗಿಲು, ಅದೇ ಕೆಸರು. ಒಂದು ಹಾಳೆ ಕೊಡಲಿಲ್ಲ ಅಷ್ಟೇ. 'ಉಳುವವನೇ ಹೊಲದೊಡೆಯ' ಅನ್ನೋದು ಘೋಷಣೆ. ಕಾಯ್ದೆ ಹೇಳಿದ್ದು 'ಅರ್ಜಿ ಕೊಟ್ಟ ಉಳುವವನೇ ಹೊಲದೊಡೆಯ' ಅಂತ. ಕೊಡದೇ ಹೋದವರಿಗಾಗಿ ಆಮೇಲೆ, 90ರ ದಶಕದ ಕೊನೆಗೆ, ಏಳು-ಎ ಅಂತ ಇನ್ನೊಂದು ನಮೂನೆ ಬಂತು. ಅಷ್ಟರಲ್ಲಿ ಎಷ್ಟು ಜನ ಊರು ಬಿಟ್ಟಿದ್ದರೋ.

ನಮೂನೆ ಅಂದಾಗ ನೆನಪಾಯ್ತು. ಬಗರ್ ಹುಕುಂ ಅನ್ನೋ ಪದವನ್ನು ಯಾವತ್ತಾದರೂ ಬಿಡಿಸಿ ನೋಡಿದ್ದೀರಾ? ಹುಕುಂ ಇಲ್ಲದ್ದು ಅಂತ ಅರ್ಥ. ಸರ್ಕಾರಿ ಜಮೀನಿನಲ್ಲಿ ಅಪ್ಪಣೆ ಇಲ್ಲದೆ ಉಳುತ್ತಾ ಬಂದವರು. ಮೂವತ್ತು ವರ್ಷ ಉತ್ತಿರಲಿ, ಬಾವಿ ತೋಡಿರಲಿ, ಅಲ್ಲೇ ಮಕ್ಕಳು ಮರಿ ಆಗಿರಲಿ, ಹೆಸರು ಮಾತ್ರ 'ಹುಕುಂ ಇಲ್ಲದವನು'. ಅವನಿಗೆ ಮೊದಲು 50ನೇ ನಮೂನೆ ಬಂತು, ಆಮೇಲೆ 53, ಆಮೇಲೆ 57. ನಮ್ಮ ಕಡೆ ವಯಸ್ಸಾದವರು 'ನಾನು ಐವತ್ತರಲ್ಲೂ ಹಾಕಿದೀನಿ, ಐವತ್ಮೂರರಲ್ಲೂ ಹಾಕಿದೀನಿ' ಅಂತ ಯುದ್ಧಕ್ಕೆ ಹೋಗಿ ಬಂದವರ ಥರ ಹೇಳ್ತಾರೆ.

ಇನ್ನು ತಾಂಡಾಗಳ ವಿಷಯ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ನಾಯಕರಹಟ್ಟಿ, ಕುರುಬರಹಟ್ಟಿಗಳಂಥ ಎಷ್ಟೋ ವಸತಿಗಳು ತಲೆಮಾರುಗಳಿಂದ ಇದ್ದವು. ಅಲ್ಲಿ ಶಾಲೆ ಇತ್ತು, ದೇವಸ್ಥಾನ ಇತ್ತು, ಎಲೆಕ್ಷನ್ ಬಂದಾಗ ಮೈಕು ಕಟ್ಟಿದ ಜೀಪುಗಳೂ ಬರ್ತಿದ್ದವು. ಕಂದಾಯ ದಾಖಲೆಯಲ್ಲಿ ಮಾತ್ರ ಅಲ್ಲಿ ಊರೇ ಇರಲಿಲ್ಲ. ಅದು ಯಾರದ್ದೋ ಜಮೀನು, ಇಲ್ಲವೇ ಸರ್ಕಾರದ್ದು. ಮನೆ ಇದ್ದರೂ ಮನೆಗೆ ಪತ್ರ ಇಲ್ಲ, ಪತ್ರ ಇಲ್ಲದೆ ಬ್ಯಾಂಕು ಸಾಲ ಇಲ್ಲ. ಇದಕ್ಕೆ ಸರ್ಕಾರಿ ಭಾಷೆಯಲ್ಲಿ 'ದಾಖಲೆರಹಿತ ಜನವಸತಿ' ಅಂತ ಹೆಸರು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಬಂದು 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರಗಳ ವಿತರಣೆಗೆ ಚಾಲನೆ ಕೊಟ್ಟರು. ಐದು ಜಿಲ್ಲೆಗಳಲ್ಲಿ ಸುಮಾರು 1475 ದಾಖಲೆರಹಿತ ವಸತಿಗಳು ಕಂದಾಯ ಗ್ರಾಮಗಳಾದವು. ಆ ಕಾರ್ಯಕ್ರಮ ಯಾವ ಪಕ್ಷಕ್ಕೆ ಎಷ್ಟು ವೋಟು ತಂತು ಅನ್ನೋ ಲೆಕ್ಕ ನನಗೆ ಬೇಡ, ಎರಡೂ ಕಡೆಯವರು ಅದು ತಮ್ಮದೇ ಕೆಲಸ ಅಂತ ಕಿತ್ತಾಡಿದ್ದೂ ಆಯ್ತು. ನನ್ನ ತಲೆಯಲ್ಲಿ ಉಳಿದಿದ್ದು ಬೇರೆ. ಅಜ್ಜ ಹುಟ್ಟಿದ ಊರಿನಲ್ಲೇ ನಿಂತುಕೊಂಡು, ನಿಮ್ಮೂರು ಇವತ್ತಿನಿಂದ ಇದೆ ಅಂತ ಸರ್ಕಾರದಿಂದ ಹೇಳಿಸಿಕೊಳ್ಳೋದು ಹೇಗನಿಸಿರಬಹುದು? ಖುಷಿಯೇ ಆಗಿರುತ್ತೆ. ಆಗಲೇಬೇಕು. ಆ ಮಳಖೇಡವೇ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಆ ಸಾಮ್ರಾಜ್ಯ ಹೋಗಿ ಸಾವಿರ ವರ್ಷದ ಮೇಲಾಯಿತು. ಪಕ್ಕದ ತಾಂಡಾಗಳಿಗೆ ಊರು ಅನ್ನಿಸಿಕೊಳ್ಳೋಕೆ 2023ರವರೆಗೆ ಕಾಯಬೇಕಾಯಿತು.

ಹಾಗಾಗಿ ಪ್ರಭುತ್ವ ನಮ್ಮನ್ನು ನೋಡುತ್ತೆ ಅನ್ನೋದು ಒಂದು ಭಯ. ನೋಡೋದೇ ಇಲ್ಲ ಅನ್ನೋದು ಅದಕ್ಕಿಂತ ದೊಡ್ಡ ಭಯ. ಇಂಗ್ಲಿಷಿನಲ್ಲಿ ಬರೆಯುವ ನಮ್ಮ ಬೆಂಗಳೂರಿನ ಮಿತ್ರರು ಮೊದಲನೆಯದರ ಬಗ್ಗೆ ತುಂಬಾ ಬರೀತಾರೆ. ಎರಡನೆಯದು ಗೊತ್ತಿರೋರು ತಾಲೂಕು ಕಚೇರಿ ಜಗಲಿ ಮೇಲೆ ಕೂತಿರ್ತಾರೆ.

ಈಗ ನಿಮಗೆ ಲಾಲ್ ಬಿಹಾರಿ ಕತೆ ಹೇಳಬೇಕು. ಕೆಲವರಿಗೆ ಗೊತ್ತಿರುತ್ತೆ, 2021ರಲ್ಲಿ 'ಕಾಗಜ್' ಅಂತ ಸಿನಿಮಾನೂ ಬಂತು. ಉತ್ತರ ಪ್ರದೇಶದ ಆಜಂಗಢದ ರೈತ. 70ರ ದಶಕದಲ್ಲಿ ಸಾಲಕ್ಕೆ ದಾಖಲೆ ತರೋಣ ಅಂತ ಕಂದಾಯ ಕಚೇರಿಗೆ ಹೋದರೆ, ನೀನು ಸತ್ತಿದ್ದೀಯ ಅಂದರು. ಜಮೀನಿನ ಆಸೆಗೆ ಚಿಕ್ಕಪ್ಪನೇ ಲಂಚ ಕೊಟ್ಟು ಈತ ಸತ್ತ ಅಂತ ಬರೆಸಿದ್ದ. ಎದುರಿಗೆ ಉಸಿರಾಡುತ್ತಾ ನಿಂತಿದ್ದರೂ ಸುಮಾರು ಹದಿನೆಂಟು ವರ್ಷ ಆತ ಕಾಗದದ ಮೇಲೆ ಹೆಣ. ಏನೇನು ಮಾಡಿಲ್ಲ ಆತ! ಹೆಂಡತಿಗೆ ವಿಧವಾ ಪಿಂಚಣಿ ಕೊಡಿ ಅಂತ ಅರ್ಜಿ ಹಾಕಿಸಿದ. ತನ್ನ ಹೆಸರಿನ ಜೊತೆ 'ಮೃತಕ' ಅಂತ ಸೇರಿಸಿಕೊಂಡ. ತನ್ನಂಥವರನ್ನೆಲ್ಲ ಸೇರಿಸಿ ಮೃತಕ ಸಂಘ ಕಟ್ಟಿದ. 1988ರಲ್ಲಿ ಅಲಹಾಬಾದಿನಲ್ಲಿ ವಿ.ಪಿ. ಸಿಂಗ್ ವಿರುದ್ಧ, 1989ರಲ್ಲಿ ಅಮೇಠಿಯಲ್ಲಿ ರಾಜೀವ್ ಗಾಂಧಿ ವಿರುದ್ಧ ಚುನಾವಣೆಗೆ ನಿಂತ. ಕೊನೆಗೆ 1994ರಲ್ಲಿ ಸರ್ಕಾರ ಆತನನ್ನು ಬದುಕಿಸಿತು. 2003ರಲ್ಲಿ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಜಗತ್ತೆಲ್ಲ ನಕ್ಕಿತು.

ನಗುವಾಗ ಒಂದು ವಿಷಯ ತಪ್ಪಿಹೋಗುತ್ತೆ. ಸತ್ತವನ ನಾಮಪತ್ರವನ್ನು ಚುನಾವಣಾ ಅಧಿಕಾರಿ ಹೇಗೆ ತಗೊಂಡ? ಯಾಕೆಂದರೆ ಆತ ಸತ್ತಿದ್ದು ಕಂದಾಯ ಇಲಾಖೆಯ ಪುಸ್ತಕದಲ್ಲಿ. ಚುನಾವಣೆಯವರ ಪುಸ್ತಕ ಬೇರೆ. ಅಲ್ಲಿ ಸತ್ತರೂ ಇಲ್ಲಿ ಬದುಕಿರಬಹುದಿತ್ತು. ನಾವು ಪ್ರಭುತ್ವ ಅಂದರೆ ಒಂದೇ ತಲೆಯ ಒಂದೇ ಪ್ರಾಣಿ ಅಂದುಕೊಳ್ತೀವಿ. ಅದು ಹಾಗಿರಲಿಲ್ಲ. ಒಂದರ ಮುಖ ಒಂದು ನೋಡದ ನೂರಾರು ರಿಜಿಸ್ಟರುಗಳ ರಾಶಿ ಅದು. ನಾವು ಬೈಯುತ್ತಿದ್ದುದೂ ಅದನ್ನೇ, ಈ ಟೇಬಲ್ಲಿಗೆ ಆ ಟೇಬಲ್ಲಿನ ವಿಷಯ ಗೊತ್ತಿಲ್ಲ ಅಂತ. ಆದರೆ ಲಾಲ್ ಬಿಹಾರಿ ಉಸಿರಾಡಿದ್ದು ಆ ಸಂದಿಯಲ್ಲೇ.

ಈಗ ಆ ಸಂದಿಗಳು ಮುಚ್ಚುತ್ತಿವೆ. ಆಧಾರ್ ಬಂತು. ರೇಷನ್, ಪಿಂಚಣಿ, ಬ್ಯಾಂಕು, ಪ್ಯಾನು ಎಲ್ಲ ಅದಕ್ಕೆ ಜೋಡಣೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಪಹಣಿಗೂ ಆಧಾರ್ ಜೋಡಿಸುವ ಕೆಲಸ ಭರ್ಜರಿಯಾಗಿ ನಡೆಯಿತು. ಅನುಕೂಲ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಒಬ್ಬರ ಜಮೀನನ್ನು ಇನ್ನೊಬ್ಬರು ನಕಲಿ ವ್ಯಕ್ತಿ ನಿಲ್ಲಿಸಿ ಮಾರೋದು ಕಷ್ಟವಾಗುತ್ತೆ. ಆದರೆ ಹಿಂದೆ ಒಂದು ಪುಸ್ತಕದಲ್ಲಿ ಆದ ತಪ್ಪು ಆ ಪುಸ್ತಕದಲ್ಲೇ ಕೊಳೀತಿತ್ತು. ಈಗ ಒಂದು ಕಡೆ ಸತ್ತರೆ ಎಲ್ಲ ಕಡೆ ಸಾಯಬೇಕಾಗುತ್ತೆ. ಜೀವನವಿಡೀ ಗಾರೆ ಕಲಸಿ, ಕಳೆ ಕಿತ್ತು ಬೆರಳ ಗೆರೆ ಸವೆದವರಿಗೆ ರೇಷನ್ ಅಂಗಡಿಯ ಮಿಷನ್ನು ನೀನು ನೀನಲ್ಲ ಅನ್ನೋದನ್ನು ನಾವು ಕಣ್ಣಾರೆ ನೋಡಿದ್ದೇವೆ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದು. ಮರುವರ್ಷ ಸೆಪ್ಟೆಂಬರ್ 26ಕ್ಕೆ ಐವರ ಪೀಠ ನಾಲ್ಕು-ಒಂದರ ಬಹುಮತದಲ್ಲಿ ಸರ್ಕಾರಿ ಸವಲತ್ತುಗಳಿಗೆ ಆಧಾರ್ ಇರಲಿ ಅಂತಲೂ ಹೇಳಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಚರ್ಚೆಯೆಲ್ಲ ಸರ್ಕಾರಕ್ಕೆ ನಮ್ಮ ಬಗ್ಗೆ ಎಷ್ಟು ಗೊತ್ತಿರಬೇಕು ಅನ್ನೋದರ ಸುತ್ತ ನಡೆಯಿತು. ಸರ್ಕಾರಕ್ಕೆ ಗೊತ್ತಿರೋದು ತಪ್ಪಾಗಿದ್ದರೆ ಏನು ಗತಿ ಅನ್ನೋದು ಅಷ್ಟಾಗಿ ಚರ್ಚೆ ಆಗಲಿಲ್ಲ. ನನ್ನ ತಕರಾರು ಇರೋದೇ ಅಲ್ಲಿ.

ಕರ್ನಾಟಕ ಭೂಕಂದಾಯ ಕಾಯ್ದೆ 1964, ಕಲಂ 133. ಪಹಣಿಯಲ್ಲಿ ಬರೆದಿರೋದು ಸುಳ್ಳು ಅಂತ ಸಾಬೀತಾಗುವ ತನಕ ನಿಜ ಅಂತಲೇ ಭಾವಿಸಬೇಕು ಅಂತ ಅದು ಹೇಳುತ್ತೆ. ಸರಿ, ಯಾವುದಾದರೂ ಒಂದು ಬುಡ ಬೇಕಲ್ಲ. ಆದರೆ ಇದೇ ಪಹಣಿ ಹಿಡಿದುಕೊಂಡು ನೀವು ಕೋರ್ಟಿಗೆ ಹೋಗಿ ಜಮೀನು ನನ್ನದು ಅನ್ನಿ ನೋಡೋಣ. ಪಹಣಿ, ಖಾತೆಗಳೆಲ್ಲ ಕಂದಾಯ ವಸೂಲಿಗೆ ಇರೋದು, ಅದರಿಂದ ಮಾಲೀಕತ್ವ ಬರಲ್ಲ ಅಂತಾರೆ. ಸುಪ್ರೀಂ ಕೋರ್ಟೇ ಎಷ್ಟೋ ಸಲ ಹೇಳಿದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗೋದೂ ಪತ್ರವೇ ಹೊರತು ಹಕ್ಕಲ್ಲ. ಅಂದರೆ ಪುಸ್ತಕದಲ್ಲಿ ಬರೆದಿದ್ದಕ್ಕೆ ಸರ್ಕಾರ ಜವಾಬ್ದಾರಿ ತಗೊಳಲ್ಲ. ನಮಗೆ ಬೇಕಾದಾಗ ಅದು ಬರೀ ಕಾಗದ. ನಮ್ಮ ವಿರುದ್ಧ ಇದ್ದಾಗ ಬ್ರಹ್ಮಲಿಖಿತ!

ನಾನು ಹೇಳೋದಿಷ್ಟು. ದಾಖಲೆಗೂ ನೆಲಕ್ಕೂ ತಾಳೆ ಆಗದಿದ್ದಾಗ ಓಡಾಡಬೇಕಾದ್ದು ದಾಖಲೆ ಬರೆದವರು, ನೆಲದ ಮೇಲೆ ಇರೋರಲ್ಲ. ಒಬ್ಬ ಮನುಷ್ಯ ಎದುರಿಗೆ ನಿಂತು ನಾನು ಬದುಕಿದ್ದೀನಿ ಅಂದರೆ, ಅಲ್ಲ ಅಂತ ಸಾಬೀತು ಮಾಡುವ ಹೊಣೆ ಸರ್ಕಾರದ್ದಾಗಬೇಕು.

ಇದಕ್ಕೆ ನನ್ನ ಸ್ನೇಹಿತನೊಬ್ಬ (ಅವನೂ ಸರ್ಕಾರಿ ನೌಕರ) ಹೇಳಿದ್ದು ಇದು. "ನೀನು ಹೇಳ್ದಂಗೆ ಮಾಡಿದ್ರೆ ಲ್ಯಾಂಡ್ ಮಾಫಿಯಾದವ್ರು ದಿನಕ್ಕೊಬ್ಬ 'ಯ್ಯ'ನ ಕರ್ಕೊಂಡು ಬಂದು ನಿಲ್ಲಿಸ್ತಾರೆ ಕಣೋ." ಅವನ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಕಾಗದ ಬಿಗಿಯಾಗಿರೋದರಿಂದಲೇ ಎಷ್ಟೋ ವಿಧವೆಯರ ಜಮೀನು ಉಳಿದಿದೆ. ಆದರೆ ಬಿಗಿ ಇರೋದು ಯಾರಿಗೆ ಅಂತ ನೋಡಿ. ಆಜಂಗಢದ ಚಿಕ್ಕಪ್ಪನಿಗೆ ಆ ಕಾಗದ ಬಿಗಿಯಾಗಲಿಲ್ಲ. ಸುಳ್ಳು ಬರೆಸೋಕೆ ಬೇಕಾದ್ದು ಒಂದಿಷ್ಟು ಲಂಚ, ಅಳಿಸೋಕೆ ಹದಿನೆಂಟು ವರ್ಷ.

ಮತ್ತೆ, ನಿಜ ತಿಳಿಯುವ ದಾರಿ ಸರ್ಕಾರದ ಹತ್ತಿರ ಇಲ್ಲ ಅಂತಲ್ಲ. ಸ್ಥಳ ಮಹಜರು ಅಂತ ಒಂದಿದೆ. ಅಧಿಕಾರಿ ಊರಿಗೇ ಬಂದು, ಅಕ್ಕಪಕ್ಕದ ಹೊಲದವರನ್ನು ಕೂರಿಸಿ, ಕೇಳಿ, ಬರೆದು, ಸಹಿ ಹಾಕಿಸಿಕೊಳ್ಳೋದು. ನಮ್ಮ ಕೇಸಿನಲ್ಲಿ ಒಂದು ಬೆಳಗಿನ ಕೆಲಸ. ಮಹಜರಿಗೆ ಊರವರೆಲ್ಲ ಬಂದು ಸಹಿ ಹಾಕೋರು. ಕೌಟಿಲ್ಯ ಗೋಪನ ಲೆಕ್ಕ ಪರೀಕ್ಷಿಸೋಕೆ ಊರಿಗೆ ಜನ ಕಳಿಸು ಅಂದಿದ್ದನಲ್ಲ, ವೇಷ ಬೇಡ ಮಾರಾಯರೇ, ಸರ್ಕಾರಿ ಜೀಪಿನಲ್ಲೇ ಬನ್ನಿ. ಆದರೆ ಬನ್ನಿ.

ಬರಲ್ಲ ಯಾಕೆ? ಬರದಿದ್ದರೆ ಅವರಿಗೇನೂ ನಷ್ಟ ಇಲ್ಲ. 2011ರ ಸಕಾಲ ಕಾಯ್ದೆ ಬಂದಾಗ ನಾನು ನಿಜವಾಗಲೂ ಖುಷಿಪಟ್ಟಿದ್ದೆ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಸರ್ಕಾರ ತನ್ನ ತಪ್ಪಿಗೆ ತಾನು ಬೆಲೆ ಕಟ್ಟಿಕೊಂಡಿದ್ದು ದೊಡ್ಡ ವಿಷಯ. ಆ ಬೆಲೆ ನಮ್ಮೂರಿಂದ ತಾಲೂಕಿಗೆ ಹೋಗಿ ಬರುವ ಬಸ್ ಚಾರ್ಜಿಗೂ ಸಾಲದು ಅನ್ನೋದು ಬೇರೆ ಮಾತು. ನಮಗಂತೂ ಆ 20 ರೂಪಾಯಿಯೂ ಸಿಗಲಿಲ್ಲ. ಯಾಕೆಂದರೆ ಗಡುವಿನ ಕೊನೇ ದಿನ ಒಂದು ಹಿಂಬರಹ ಬಂತು. 'ದಾಖಲೆಗಳಲ್ಲಿ ಹೆಸರು ತಾಳೆಯಾಗದ ಕಾರಣ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ.' ತಿರಸ್ಕರಿಸಿದರೂ ಅದು ವಿಲೇವಾರಿಯೇ. ಲೆಕ್ಕದಲ್ಲಿ ನಮ್ಮ ಅರ್ಜಿ ಸಕಾಲಕ್ಕೆ ಮುಗಿದ ಅರ್ಜಿ.

ಸರ್ಕಾರಗಳು ಬದಲಾಗುತ್ತವೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ರಾಜ್ಯದಲ್ಲೇ ಮುಖ್ಯಮಂತ್ರಿ ಬದಲಾದರು, ಪಕ್ಷ ಬದಲಾಯಿತು. ನಾನೂ ಉಗುರಿಗೆ ಮಸಿ ಹಚ್ಚಿಸಿಕೊಂಡು ಬಂದೆ. ಅದಕ್ಕೆ ಬೆಲೆ ಇಲ್ಲ ಅಂತಲ್ಲ. 1974ರ ಆ ವಾಕ್ಯ ಬಂದಿದ್ದು ವೋಟಿನಿಂದಲೇ. ಆದರೆ ನಮ್ಮ ಹೊಲದ ಸರ್ವೆ ನಂಬರ್ ಕಮಿಷನರ್ ಆಳ್ವಿಕೆ ನೋಡಿದೆ, ಒಡೆಯರನ್ನು ನೋಡಿದೆ, 47 ನೋಡಿದೆ, 56ರ ಏಕೀಕರಣ ನೋಡಿದೆ. ಆಳುವವರು ಬಂದು ಹೋದರು, ಅದು ಹಾಗೇ ಇದೆ. ಪ್ರಭುತ್ವ ಅಂತ ಯಾವುದನ್ನಾದರೂ ಕೈಯಲ್ಲಿ ಹಿಡಿದು ತೋರಿಸಬೇಕೆಂದರೆ ನಾನು ವಿಧಾನಸೌಧ ತೋರಿಸಲ್ಲ, ನಮ್ಮ ಪಹಣಿ ತೋರಿಸ್ತೀನಿ.

ಅಂದ ಹಾಗೆ ನಮ್ಮ ಕೇಸು ಮುಗಿಯಿತು. ಎರಡನೇ ಸಲ ಅರ್ಜಿ ಕೊಟ್ಟು, ತಿದ್ದುಪಡಿಗೆ ಬೇರೆ ಅರ್ಜಿ ಕೊಟ್ಟು, ಮೂರು ಸಲ ವಿಚಾರಣೆ ಮುಂದೆ ಹೋಗಿ, ಒಟ್ಟು ಹದಿನಾಲ್ಕು ತಿಂಗಳು. ಕೊನೆಗೆ ಬಂದ ಹೊಸ ಶಿರಸ್ತೇದಾರರು, ಒಬ್ಬ ಹೆಣ್ಣುಮಗಳು, ಫೈಲು ತಿರುವಿ ಹಾಕಿ ಹಳೇ ಕೈಬರಹದ ಪಹಣಿ ತರಿಸಿ ನೋಡಿದರು. "ಇಲ್ಲೇ ಸರಿಯಾಗಿದ್ಯಲ್ಲಮ್ಮ, ಇದನ್ನ ಯಾರೂ ತೆಗೆದೇ ನೋಡಿಲ್ವಾ?" ಅಂದರು. ಅದು ಅಷ್ಟೂ ದಿನ ಅದೇ ಕಟ್ಟಡದ ರೆಕಾರ್ಡ್ ರೂಮಿನಲ್ಲಿತ್ತು.

ಹೊಸ ಪಹಣಿಯಲ್ಲಿ ಒಂಬತ್ತನೇ ಕಾಲಂನಲ್ಲಿ ಈಗ ಅಮ್ಮನ ಹೆಸರು ಬಂದಿದೆ, ಕಾಗುಣಿತ ಸರಿಯಾಗಿದೆ. ಬೆಳೆ ಕಾಲಂನಲ್ಲಿ ರಾಗಿ ಅಂತಿದೆ. ನಮ್ಮ ಹೊಲದಲ್ಲಿ ಇಪ್ಪತ್ತೆರಡು ವರ್ಷದಿಂದ ತೆಂಗು ಇದೆ. ತಿದ್ದಿಸೋಣವಾ ಅಂತ ಅಮ್ಮನನ್ನು ಕೇಳಿದೆ. ಮೊದಲು ಊಟ ಮಾಡು ಬಾ ಅಂದಳು.